ನಾನು ಅತ್ತೆನಂತೆ

ಎಂಡೋಸ್ಕೋಪಿ ಮುಗಿದು ಕಣ್ಣು ಬಿಟ್ಟಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಯಾವಾಗ ಶುರು ಮಾಡ್ತೀರಾ?" ನರ್ಸ್ ನಕ್ಕರು. "ಆಗೋಯ್ತಲ್ಲ ಮೇಡಂ" ಎನ್ನುತ್ತ ತಮ್ಮ ಎಡಗೈ ಮುಂದೆ ಚಾಚಿದರು. ಮಣಿಕಟ್ಟಿನ ಹತ್ತಿರ ಮೂರು ಉಗುರಿನ ಗುರುತು, ಇನ್ನೂ ಕೆಂಪಗಿದ್ದವು. "ನೀವೇ ಮಾಡಿದ್ದು. ತುಂಬಾ ಒದ್ದಾಡಿದ್ರಿ, ಅತ್ರಿ. ಕೈ ಬಿಡ್ಲೇ ಇಲ್ಲ." ನಾನು ಆ ಗುರುತನ್ನು ನೋಡಿದೆ, ನನ್ನ ಉಗುರನ್ನೂ ನೋಡಿಕೊಂಡೆ. ನನ್ನ ಮಟ್ಟಿಗೆ ನಡೆದದ್ದು ಇಷ್ಟು: ಗಂಟಲಿಗೆ ಕಹಿ ಸ್ಪ್ರೇ ಹೊಡೆದರು, ಎಡಮಗ್ಗುಲಿಗೆ ಮಲಗಿಸಿದರು, ಕೈಗೆ ಚುಚ್ಚಿದ್ದ ಸೂಜಿಯಲ್ಲಿ ಏನೋ ತಣ್ಣಗೆ ಹರಿಯಿತು. ಅದರ ಮರುಕ್ಷಣವೇ ನರ್ಸ್ ನಗು. ನಡುವಿನ ಹತ್ತು ಹನ್ನೆರಡು ನಿಮಿಷವನ್ನು ಯಾರೋ ಕತ್ತರಿಸಿ ತೆಗೆದು, ತುದಿಗೆ ತುದಿ ಸೇರಿಸಿ ಅಂಟಿಸಿದ್ದರು.

ಕೇಸ್ ಶೀಟಿನಲ್ಲಿ ಔಷಧದ ಹೆಸರಿತ್ತು: ಮಿಡಜೋಲಾಮ್. ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ವರದಿ ಒಪ್ಪಿಸಿದೆ. "ಏನೂ ಗೊತ್ತಾಗ್ಲಿಲ್ಲಮ್ಮ. ಆದ್ರೆ ನಾನು ತುಂಬಾ ಅತ್ನಂತೆ." ಹೇಳಿಯಾದ ಮೇಲೆ ಆ ಕೊನೆಯ ಮಾತು ನನ್ನ ಕಿವಿಗೇ ವಿಚಿತ್ರವಾಗಿ ಬಿತ್ತು.

ಕನ್ನಡದಲ್ಲಿ ಕ್ರಿಯಾಪದಕ್ಕೆ 'ಅಂತೆ' ಹಚ್ಚಿದರೆ, ಹೇಳುವವರು ಕಣ್ಣಾರೆ ಕಂಡದ್ದಲ್ಲ, ಕೇಳಿ ಹೇಳುತ್ತಿದ್ದಾರೆ ಎಂದರ್ಥ. ಕೆರೆ ಕೋಡಿ ಬಿತ್ತಂತೆ. ಅವರ ಮಗಳಿಗೆ ಗಂಡು ಗೊತ್ತಾಯಿತಂತೆ. ಜವಾಬ್ದಾರಿ ಹೊರದೆ ಸುದ್ದಿ ದಾಟಿಸುವ ಉಪಾಯ ಅದು. 'ಅಂತೆಕಂತೆ' ಎಂದರಂತೂ ನಂಬಬೇಡಿ ಎಂದೇ ಅರ್ಥ. ಅವನು, ಅವಳು, ಅದು ಎಂಬ ಪ್ರಥಮ ಪುರುಷಕ್ಕೆ ಇದು ಸಲೀಸಾಗಿ ಅಂಟುತ್ತದೆ. ಉತ್ತಮ ಪುರುಷಕ್ಕೆ, ಅಂದರೆ 'ನಾನು' ಎಂಬುದಕ್ಕೆ, ಅಂಟುವುದು ಕೆಲವೇ ಸಂದರ್ಭಗಳಲ್ಲಿ: ನಾನು ಹುಟ್ಟಿದಾಗ, ತೊಟ್ಟಿಲಲ್ಲಿದ್ದಾಗ, ನಿದ್ದೆಯಲ್ಲಿ ಮಾತಾಡಿದಾಗ, ಜ್ವರ ಏರಿ ಬಡಬಡಿಸಿದಾಗ. ನನ್ನ ಪಿಎಚ್‌ಡಿ ಇರುವುದು ಕನ್ನಡ ಆತ್ಮಕಥೆಗಳಲ್ಲಿ ಕಾಯಿಲೆಯ ನಿರೂಪಣೆಯ ಮೇಲೆ. ಆತ್ಮಕಥೆಗಳ ಮೊದಲ ಅಧ್ಯಾಯ ಪೂರ್ತಿ ಅಂತೆ, ಎರಡನೆಯದರಿಂದ ಕಂತೆ ಎಂದು ನನ್ನ ಗೈಡ್ ತಮಾಷೆ ಮಾಡುತ್ತಾರೆ. ಈಗ ಆ ತಮಾಷೆ ನನ್ನ ಕಡೆಗೇ ತಿರುಗಿತ್ತು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ನನ್ನದೇ ನೋವಿಗೆ ನಾನು ಅಂತೆ ಹಚ್ಚಬೇಕಾಗಿ ಬಂದಿತ್ತು. ಹಾಗಾದರೆ ಆ ನೋವು ಯಾರದು?

ಈ ಪ್ರಶ್ನೆ ಹಿಡಿದುಕೊಂಡು ಎರಡು ಹಳೆಯ ಪಠ್ಯಗಳನ್ನು ಮತ್ತೆ ಓದಿದೆ. ಒಂದರಲ್ಲಿ ಔಷಧವಿಲ್ಲ, ನೆನಪು ಪೂರ್ತಿ ಇದೆ. ಇನ್ನೊಂದರಲ್ಲಿ ಔಷಧವಿದೆ, ಅಲ್ಲಿ ನೆನಪಿಟ್ಟುಕೊಂಡವಳು ನೋವು ತಿಂದವಳಲ್ಲ.

ಮೊದಲನೆಯದು ಫ್ಯಾನಿ ಬರ್ನಿ ಬರೆದ ಒಂದು ಕಾಗದ. ಬರ್ನಿ ಇಂಗ್ಲಿಷಿನ ಹೆಸರಾಂತ ಕಾದಂಬರಿಗಾರ್ತಿ, 1778ರ 'ಎವೆಲಿನಾ'ದಿಂದ ಪ್ರಸಿದ್ಧಿಗೆ ಬಂದವಳು. ಮದುವೆಯಾದದ್ದು ಫ್ರೆಂಚ್ ಸೇನಾಧಿಕಾರಿಯೊಬ್ಬನನ್ನು. ನೆಪೋಲಿಯನ್ನನ ಯುದ್ಧಗಳಿಂದಾಗಿ ವರ್ಷಗಟ್ಟಲೆ ಪ್ಯಾರಿಸ್ಸಿನಲ್ಲೇ ಉಳಿದುಬಿಟ್ಟಳು. ಅಲ್ಲಿರುವಾಗ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. 1811ರ ಸೆಪ್ಟೆಂಬರ್ 30ರಂದು, ಅವಳ ಮನೆಯಲ್ಲೇ, ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯ ಲಾರೆ ಅವಳ ಸ್ತನವನ್ನು ಕತ್ತರಿಸಿ ತೆಗೆದ. ಈಥರ್ ಬರಲು ಇನ್ನೂ ಮೂವತ್ತೈದು ವರ್ಷವಿತ್ತು. ಅವಳಿಗೆ ಕೊಟ್ಟದ್ದು ಒಂದು ಲೋಟ ವೈನ್ ಬೆರೆಸಿದ ಪಾನೀಯ, ಅಷ್ಟೆ.

ಈ ಅನುಭವವನ್ನು ಅವಳು ತನ್ನ ಅಕ್ಕ ಎಸ್ತರ್‌ಗೆ ಕಾಗದದಲ್ಲಿ ಬರೆಯುತ್ತಾಳೆ. ನನ್ನನ್ನು ಹಿಡಿದು ನಿಲ್ಲಿಸುವುದು ಅಲ್ಲಿಯ ವಿವರಗಳ ನಿಖರತೆ. ಬಾಗಿಲು ತೆರೆದು ಒಳಗೆ ಬಂದ ಕಪ್ಪು ಬಟ್ಟೆಯ ಗಂಡಸರು ಎಷ್ಟು ಮಂದಿ ಎಂದು ಅವಳಿಗೆ ನೆನಪಿದೆ: ಏಳು. ಗಂಡನಿಗೆ ತಿಳಿಯದಿರಲೆಂದು ಅವನನ್ನು ಮನೆಯಿಂದ ದೂರ ಇರಿಸುವ ಏರ್ಪಾಡು ಮಾಡಿದ್ದು ನೆನಪಿದೆ. ಮುಖದ ಮೇಲೆ ತೆಳುವಾದ ಕರವಸ್ತ್ರ ಹೊದಿಸುತ್ತಾರೆ, ಅವಳು ನೋಡದಿರಲಿ ಎಂದು. ಆದರೆ ಬಟ್ಟೆ ಎಷ್ಟು ತೆಳುವೆಂದರೆ ಅದರೊಳಗಿಂದ ಸುತ್ತ ನಿಂತವರೂ ಮಿನುಗುವ ಉಕ್ಕೂ ಕಾಣಿಸುತ್ತವೆ. ಈ ಕರವಸ್ತ್ರದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಆ ಕಾಲದಲ್ಲಿ ವೈದ್ಯರ ಕೈಯಲ್ಲಿದ್ದ ಮಂಪರಿನ ಮದ್ದು ಅಷ್ಟೇ, ಒಂದು ಚೂರು ಬಟ್ಟೆ. ಅದೂ ಕೆಲಸ ಮಾಡಲಿಲ್ಲ. ಕೊನೆಗೆ ಅವಳೇ ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಕೊಯ್ಯುವಷ್ಟೂ ಹೊತ್ತು ಅವಳು ಚೀರುತ್ತಾಳೆ. ಆ ಚೀರಾಟ ಇನ್ನೂ ತನ್ನ ಕಿವಿಯಲ್ಲಿ ಉಳಿದಿಲ್ಲವಲ್ಲ ಎಂದು ಬರೆಯುವಾಗ ತಾನೇ ಆಶ್ಚರ್ಯಪಡುತ್ತಾಳೆ. ಎದೆಯ ಮೂಳೆಯ ಮೇಲೆ ಅಲಗು ಕೆರೆಯುವುದು ಅವಳಿಗೆ ತಿಳಿಯುತ್ತದೆ. ಇಪ್ಪತ್ತು ನಿಮಿಷ ನಡೆಯುವ ಆ ಕೆಲಸದಲ್ಲಿ ಎರಡು ಸಲ ಪ್ರಜ್ಞೆ ತಪ್ಪಿತೆಂದು ಅವಳ ಊಹೆ. ಗಮನಿಸಿ, ಅಲ್ಲಿ ಮಾತ್ರ ಅವಳ ವಾಕ್ಯ ಅಂದಾಜಿಗೆ ಇಳಿಯುತ್ತದೆ, ಏಕೆಂದರೆ ಅಷ್ಟು ಹೊತ್ತು ಅವಳು ಅಲ್ಲಿರಲಿಲ್ಲ. ಉಳಿದದ್ದೆಲ್ಲ ಖಚಿತ. ಕೊನೆಯಲ್ಲಿ ಅವಳನ್ನು ಹಾಸಿಗೆಗೆ ಎತ್ತಿ ಒಯ್ಯುವಾಗ ಲಾರೆಯ ಮುಖ ಕಾಣುತ್ತದೆ. ರಕ್ತ ಸಿಡಿದ, ಅವಳಷ್ಟೇ ಬಿಳಿಚಿಕೊಂಡ ಮುಖ. ಕೊಯ್ದವನಿಗೂ ನೋವಾಗಿದೆ ಎಂದು ಕೊಯ್ಯಿಸಿಕೊಂಡವಳು ಸಾಕ್ಷಿ ಹೇಳುತ್ತಾಳೆ.

ಸಾಹಿತ್ಯದ ವಿದ್ಯಾರ್ಥಿಗಳು ಈ ಕಾಗದವನ್ನು ಧೈರ್ಯದ ದಾಖಲೆಯೆಂದು ಹೊಗಳುತ್ತಾರೆ. ಹೊಗಳಬೇಕಾದ್ದೇ. ಆದರೆ ಇದನ್ನು ಬರೆದದ್ದಕ್ಕೆ ಅವಳು ತೆತ್ತದ್ದನ್ನೂ ನೋಡಬೇಕು. ಕಾಗದ ಶುರುವಾದದ್ದು 1812ರ ಮಾರ್ಚಿನಲ್ಲಿ, ಮುಗಿದದ್ದು ಜೂನ್‌ನಲ್ಲಿ. ತಿಂಗಳುಗಟ್ಟಲೆ ಆ ವಿಷಯ ಮಾತಾಡಲು ಹೋದರೆ ಮತ್ತೊಮ್ಮೆ ಕೊಯ್ಯಿಸಿಕೊಂಡಂತಾಗುತ್ತಿತ್ತು, ಯಾರಾದರೂ ಒಂದು ಪ್ರಶ್ನೆ ಕೇಳಿದರೂ ಆರೋಗ್ಯ ಕೆಡುತ್ತಿತ್ತು ಎನ್ನುತ್ತಾಳೆ. ಬರೆಯುತ್ತ ಬರೆಯುತ್ತ ತಲೆನೋವು ಬಂದಿದೆ; ಬರೆದದ್ದನ್ನು ತಿದ್ದುವುದಿರಲಿ, ಓದುವುದಕ್ಕೂ ಧೈರ್ಯವಿಲ್ಲ. ವೃತ್ತಿಯಿಂದ ಕಾದಂಬರಿಗಾರ್ತಿ, ತಿದ್ದುವುದೇ ಕಸುಬು. ತನ್ನ ಬರಹಗಳಲ್ಲೇ ಅತ್ಯಂತ ಗಟ್ಟಿಯಾದ ಕೆಲವು ಪುಟಗಳನ್ನು ಅವಳು ತಿರುಗಿ ನೋಡಲಾರಳು. ನೋವಿನ ನೆನಪು ಇಲ್ಲಿ ನೋವಿನ ಸುದ್ದಿಯಲ್ಲ, ಅದು ನೋವೇ. ಕನ್ನಡದಲ್ಲಿ ಬರೆದಿದ್ದರೆ ಆ ಕಾಗದದ ಉದ್ದಕ್ಕೂ ಕ್ರಿಯಾಪದಗಳು 'ಕಂಡೆ', 'ಕೂಗಿದೆ', 'ತಿಳಿಯಿತು' ಎಂದು ನೇರವಾಗಿ ನಿಲ್ಲುತ್ತಿದ್ದವು. ಅವಳು ಬದುಕಿದ್ದು 1840ರವರೆಗೆ, ಎಂಬತ್ತೇಳು ವರ್ಷ.

1846ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಈಥರ್ ಬಳಸಿ ಶಸ್ತ್ರಚಿಕಿತ್ಸೆ ಮಾಡಿ ತೋರಿಸಲಾಯಿತು. ಅಲ್ಲಿಂದ ಶುರುವಾದ ವಿದ್ಯೆಗೆ ಕನ್ನಡದಲ್ಲಿ ಯಾರೋ ಪುಣ್ಯಾತ್ಮರು 'ಅರಿವಳಿಕೆ' ಎಂಬ ಚೆಂದದ ಪದ ಕಟ್ಟಿದ್ದಾರೆ. ಅರಿವು ಅಳಿಯುವುದು. ವಚನಕಾರರಿಗೆ ಅರಿವು ಮತ್ತು ಮರವೆ ಎದುರುಬದುರಿನ ಪದಗಳು; ಆ ಲೆಕ್ಕದಲ್ಲಿ ಅರಿವು ಅಳಿದರೆ ಉಳಿಯುವುದು ಮರವೆ. ಆದರೆ ನನಗೆ ಕೊಟ್ಟ ಮದ್ದಿಗೆ ಈ ಪದ ಸರಿಹೊಂದುವುದಿಲ್ಲ. ಪೂರ್ತಿ ಅರಿವಳಿಕೆಯಲ್ಲಿ ಇದ್ದವರು ನರ್ಸ್ ಕೈಯನ್ನು ಉಗುರು ಇಳಿಯುವಂತೆ ಹಿಡಿಯುವುದಿಲ್ಲ. ಮಿಡಜೋಲಾಮ್ ಕೊಟ್ಟ ರೋಗಿ "ಇನ್ನೊಂದು ಸಲ ನುಂಗಿ" ಎಂದರೆ ನುಂಗುತ್ತಾರೆ, "ಕೈ ಎತ್ತಿ" ಎಂದರೆ ಎತ್ತುತ್ತಾರೆ. ಆ ಕ್ಷಣದಲ್ಲಿ ಅರಿವು ಮಸುಕಾಗಿಯಾದರೂ ಇದೆ. ಇಲ್ಲದ್ದು ಆ ಕ್ಷಣವನ್ನು ಮುಂದಕ್ಕೆ ಒಯ್ಯುವ ಶಕ್ತಿ. 1970ರ ದಶಕದಲ್ಲಿ ತಯಾರಾದ ಈ ಔಷಧ ಮಿದುಳಿನ ಗಾಬಾ ಎಂಬ ರಾಸಾಯನಿಕದ ತಡೆಯುವ ಕೆಲಸವನ್ನು ಹೆಚ್ಚಿಸುತ್ತದೆ. ಆತಂಕ ಇಳಿಯುತ್ತದೆ, ಮಂಪರು ಏರುತ್ತದೆ, ಹೊಸ ನೆನಪು ಗಟ್ಟಿಗೊಳ್ಳುವುದು ನಿಲ್ಲುತ್ತದೆ. ಮೊದಲಿನ ನೆನಪುಗಳಿಗೆ ಏನೂ ಆಗುವುದಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಬಂದ ಆಟೊದ ಬಣ್ಣ ನನಗೆ ಚೆನ್ನಾಗಿ ನೆನಪಿದೆ. ಅರಿವಳಿಕೆಯಲ್ಲ, ಇದು ನೆನಪಳಿಕೆ.

ಈ ನೆನಪಳಿಕೆಯನ್ನೇ ಗುರಿಯಾಗಿಟ್ಟುಕೊಂಡು ನಡೆದ ಒಂದು ದೊಡ್ಡ ಪ್ರಯೋಗ ಇತಿಹಾಸದಲ್ಲಿದೆ. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕ್ರೋನಿಗ್ ಮತ್ತು ಗೌಸ್ ಎಂಬ ವೈದ್ಯರು ಹೆರಿಗೆಯ ಹೊತ್ತಿಗೆ ಮಾರ್ಫಿನ್ ಜೊತೆ ಸ್ಕೋಪೊಲಮಿನ್ ಕೊಡತೊಡಗಿದರು. ಹೆಸರು ಮುಸ್ಸಂಜೆಯ ನಿದ್ದೆ. ಸ್ಕೋಪೊಲಮಿನ್ ನಮಗೂ ಅಪರಿಚಿತವಲ್ಲ. ಬೇಲಿಸಾಲಿನ ದತ್ತೂರಿಯಲ್ಲಿ ಇರುವುದೂ ಅದೇ. ದತ್ತೂರಿಗೆ ಕನ್ನಡದಲ್ಲಿ ಉಮ್ಮತ್ತ ಎಂಬ ಹೆಸರೂ ಇದೆ, ಉನ್ಮತ್ತದಿಂದ ಬಂದದ್ದು. ಇರಲಿ. ಫ್ರೈಬುರ್ಗ್‌ನ ವೈದ್ಯರು ಮದ್ದಿನ ಪ್ರಮಾಣ ನಿರ್ಧರಿಸುತ್ತಿದ್ದ ಕ್ರಮ ನನಗೆ ಮೈ ಜುಮ್ಮೆನಿಸುವಂಥದ್ದು. ಹೆರಿಗೆ ನೋವಿನಲ್ಲಿದ್ದವಳಿಗೆ ಒಂದು ವಸ್ತು ತೋರಿಸುವುದು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ತೋರಿಸಿ, ಇದನ್ನು ಮೊದಲು ನೋಡಿದ್ದೀಯಾ ಎಂದು ಕೇಳುವುದು. ನೋಡಿದ್ದೇನೆ ಎಂದರೆ ಇನ್ನೊಂದು ಸೂಜಿ. ಅಂದರೆ ಅವರು ಅಳೆಯುತ್ತಿದ್ದದ್ದು ಅವಳ ನೋವನ್ನಲ್ಲ, ನೆನಪನ್ನು. ಕಣ್ಣಿಗೆ ಪಟ್ಟಿ, ಕಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ. ಹೊರಳಾಡಿ ಪೆಟ್ಟು ಮಾಡಿಕೊಳ್ಳದಂತೆ ತಡೆ ಕಟ್ಟಿದ ಹಾಸಿಗೆ. ಹೆಂಗಸರು ಕೂಗುತ್ತಿದ್ದರು. ಎದ್ದ ಮೇಲೆ ಮಗು ಯಾರದೆಂದು ಕೇಳಿದವರೂ ಇದ್ದರು.

ಸಿಲ್ವಿಯಾ ಪ್ಲಾತ್ 'ದ ಬೆಲ್ ಜಾರ್' ಕಾದಂಬರಿಯಲ್ಲಿ ಎತ್ತಿಕೊಂಡದ್ದು ಇದೇ ಮದ್ದಿನ ವಂಶಾವಳಿಯನ್ನು. 1963ರ ಜನವರಿಯಲ್ಲಿ ವಿಕ್ಟೋರಿಯಾ ಲ್ಯೂಕಸ್ ಎಂಬ ಸುಳ್ಳು ಹೆಸರಿನಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಕಾದಂಬರಿಯಲ್ಲಿ ನಿರೂಪಕಿ ಎಸ್ತರ್ ತನ್ನ ಗೆಳೆಯನ ಜೊತೆ ಒಂದು ಹೆರಿಗೆ ನೋಡಲು ಹೋಗುತ್ತಾಳೆ. ಗೆಳೆಯ ವೈದ್ಯಕೀಯ ವಿದ್ಯಾರ್ಥಿ. (ಬರ್ನಿಯ ಅಕ್ಕನೂ ಎಸ್ತರ್, ಇವಳೂ ಎಸ್ತರ್. ಕಾಕತಾಳೀಯ ಅಷ್ಟೆ, ಆದರೂ ಓದುವಾಗ ಮನಸ್ಸು ಅಲ್ಲಿ ಒಂದು ಗಳಿಗೆ ನಿಲ್ಲುತ್ತದೆ.) ಮೇಜಿನ ಮೇಲೆ ಹೆಂಗಸು ನರಳುತ್ತಿದ್ದಾಳೆ, ಅದು ಮನುಷ್ಯರ ದನಿಯಂತೆಯೇ ಇಲ್ಲ. ಆಮೇಲೆ ಗೆಳೆಯ ವಿವರಿಸುತ್ತಾನೆ: ಅವಳಿಗೆ ಕೊಟ್ಟಿರುವ ಮದ್ದಿನಿಂದ ಈ ನೋವು ಅವಳಿಗೆ ನೆನಪಿರುವುದಿಲ್ಲ. ಇಂಥ ಮದ್ದನ್ನು ಗಂಡಸೇ ಕಂಡುಹಿಡಿದಿರಬೇಕು ಎನಿಸುತ್ತದೆ ಎಸ್ತರ್‌ಗೆ. ನೋವನ್ನು ಪೂರ್ತಿ ಉಂಡವಳು ಮನೆಗೆ ಹೋಗಿ ಮರೆವಿನಲ್ಲಿ ಇನ್ನೊಂದು ಮಗುವಿಗೆ ಅಣಿಯಾಗುತ್ತಾಳೆ. ಆದರೆ ಆ ನೋವು ಎಲ್ಲಿಗೂ ಹೋಗಿರುವುದಿಲ್ಲ, ಅವಳೊಳಗೇ ಬಾಗಿಲು ಹಾಕಿಕೊಂಡು ಕಾಯುತ್ತಿರುತ್ತದೆ ಎಂದು ಎಸ್ತರ್ ಕಲ್ಪಿಸಿಕೊಳ್ಳುತ್ತಾಳೆ.

ಕ್ಲಾಸಿನಲ್ಲಿ ಈ ಭಾಗ ಓದಿದಾಗ ನಾವೆಲ್ಲ ತಲೆದೂಗಿದ್ದೆವು. ಈಗ ಓದಿದರೆ ನನಗೆ ಎರಡು ತಕರಾರುಗಳಿವೆ.

ಮೊದಲನೆಯದು ಇತಿಹಾಸದ್ದು. ಮದ್ದನ್ನು ತಂದವರು ಗಂಡಸರು, ನಿಜ. ಆದರೆ ಅದು ಬೇಕೇ ಬೇಕು ಎಂದು ಹಟ ಹಿಡಿದವರು ಹೆಂಗಸರು. 1914ರಲ್ಲಿ ಅಮೆರಿಕದ ಮೆಕ್‌ಕ್ಲೂರ್ಸ್ ಪತ್ರಿಕೆಯಲ್ಲಿ ಫ್ರೈಬುರ್ಗ್ ಬಗ್ಗೆ ಲೇಖನ ಬಂತು. ಆ ವರ್ಷವೇ ಅಲ್ಲಿಯ ಮಹಿಳೆಯರು, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರೂ ಸೇರಿ, ಮುಸ್ಸಂಜೆ ನಿದ್ದೆಗಾಗಿ ಒಂದು ರಾಷ್ಟ್ರೀಯ ಸಂಘವನ್ನೇ ಕಟ್ಟಿದರು. ಹಿಂಜರಿದದ್ದು ಹಲವು ವೈದ್ಯರೇ. ಫ್ರೈಬುರ್ಗ್‌ನಲ್ಲಿ ಹೆತ್ತು ಬಂದು ಊರೂರು ಭಾಷಣ ಮಾಡಿದ್ದ ಕಾರ್ಮೋಡಿ ಎಂಬ ಮುಂದಾಳು 1915ರಲ್ಲಿ ಇನ್ನೊಂದು ಹೆರಿಗೆಯಲ್ಲಿ ತೀರಿಕೊಂಡಳು. ಮದ್ದಿಗೂ ಸಾವಿಗೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದರೂ ಚಳವಳಿ ಬಿದ್ದುಹೋಯಿತು, ಮದ್ದು ಮಾತ್ರ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ಉಳಿಯಿತು. ಮುಂದೆ ಕೋಣೆಗಳು ಕಿಕ್ಕಿರಿದವು, ನೋಡಿಕೊಳ್ಳುವವರು ಕಡಿಮೆಯಾದರು, ಕಟ್ಟಿಹಾಕುವುದು ಹೆಚ್ಚಾಯಿತು. 1958ರಲ್ಲಿ ಲೇಡೀಸ್ ಹೋಮ್ ಜರ್ನಲ್‌ನಲ್ಲಿ ಹೆರಿಗೆ ವಾರ್ಡುಗಳ ಕ್ರೌರ್ಯದ ಬಗ್ಗೆ ಓದುಗರ ಪತ್ರಗಳು ಸಾಲುಸಾಲಾಗಿ ಬಂದವು, ಪ್ಲಾತ್ ಕಾದಂಬರಿಗೆ ಐದು ವರ್ಷ ಮೊದಲು. ನೆನಪಿರದ ರೋಗಿಯನ್ನು ಹೇಗೆ ನಡೆಸಿಕೊಂಡರೂ ಕೇಳುವವರಿಲ್ಲ. ದೂರು ಕೊಡಬೇಕಾದವಳಿಗೇ ದೂರಿನ ಸಂಗತಿ ಗೊತ್ತಿಲ್ಲ. ಕೆಟ್ಟದ್ದು ಮದ್ದಲ್ಲ, ಸಾಕ್ಷಿ ಇಲ್ಲದ ಕೋಣೆ ಎಂದು ನನಗೆ ಅನಿಸುವುದು ಇಲ್ಲೇ. ಎಸ್ತರ್ ಗಂಡಸಿನ ಮೇಲೆ ಹೊರಿಸಿದ ಆರೋಪದಲ್ಲಿ ಈ ಅರ್ಧ ತಪ್ಪಿಹೋಗಿದೆ.

ಎರಡನೆಯ ತಕರಾರು ಮನೆಯದು. ಪ್ಲಾತ್‌ಳ ಈ ಪುಟದ ಸಾರಾಂಶವನ್ನು ಅಮ್ಮನಿಗೆ ಹೇಳಿದೆ. ಅಮ್ಮ ಇಬ್ಬರನ್ನೂ ಹೆತ್ತದ್ದು ಯಾವ ಮದ್ದೂ ಇಲ್ಲದೆ. ಅವಳು ಅವರೆಕಾಯಿ ಸುಲಿಯುತ್ತ ತಲೆ ಎತ್ತದೆ ಹೇಳಿದಳು: "ನಿಮ್ಮಕ್ಕ ಹುಟ್ದಾಗಿನ ನೋವು ಹಂಗೇ ನೆನಪಿಟ್ಕೊಂಡಿದ್ರೆ ನೀನು ಹುಟ್ತಾನೇ ಇರ್ಲಿಲ್ಲ." ಎಸ್ತರ್‌ಳ ವಾದವನ್ನೇ ಅಮ್ಮ ಮದ್ದಿಲ್ಲದೆ, ಸಿಟ್ಟೂ ಇಲ್ಲದೆ ಹೇಳಿಬಿಟ್ಟಿದ್ದಳು. ಮರೆವು ಎಲ್ಲ ಸಲವೂ ಹೊರಗಿನಿಂದ ಹೇರಿದ್ದಲ್ಲ. ಆದರೆ ಅಮ್ಮನ ಮರೆವಿಗೂ ನನ್ನದಕ್ಕೂ ಒಂದು ವ್ಯತ್ಯಾಸವಿದೆ. ಅಮ್ಮನಿಗೆ ನೋವಿನ ತೀವ್ರತೆ ಮಾಸಿದೆ, ನೋವಾದದ್ದು ಗೊತ್ತು. ಅವಳು 'ನೋವಾಯಿತು' ಎನ್ನುತ್ತಾಳೆ, 'ನೋವಾಯಿತಂತೆ' ಎನ್ನುವುದಿಲ್ಲ.

ಪ್ಲಾತ್ ಸರಿಯಾಗಿ ಹಿಡಿದದ್ದು ಬೇರೆಯೇ ಒಂದಿದೆ. ಇಡೀ ದೃಶ್ಯ ನಮಗೆ ದಕ್ಕಿರುವುದು ಗೋಡೆಬದಿಯಲ್ಲಿ ನಿಂತ ಎಸ್ತರ್‌ಳಿಂದ. ಹೆತ್ತವಳು ಆ ಪುಟವನ್ನು ಎಂದೂ ಬರೆಯಲಾರಳು. ಬರ್ನಿಯ ಕಾಗದದಲ್ಲಿ ನೋವು ತಿಂದವಳೂ ಬರೆದವಳೂ ಒಬ್ಬಳೇ. ಇಲ್ಲಿ ಅವರು ಇಬ್ಬರಾಗಿದ್ದಾರೆ. ಮದ್ದು ಬಂದ ಮೇಲೆ ನೋವಿನ ಸಾಹಿತ್ಯದಲ್ಲಿ ಆದ ದೊಡ್ಡ ಬದಲಾವಣೆ ಇದು ಎಂದು ನನ್ನ ವಾದ. ನೋವಿನ ಕಥೆ ಉತ್ತಮ ಪುರುಷದಿಂದ ಪ್ರಥಮ ಪುರುಷಕ್ಕೆ ಹೋಯಿತು.

ಎಲೇನ್ ಸ್ಕ್ಯಾರಿ 1985ರ 'ದ ಬಾಡಿ ಇನ್ ಪೇನ್' ಪುಸ್ತಕದಲ್ಲಿ ನೋವಿನ ಬಗ್ಗೆ ಒಂದು ಪ್ರಸಿದ್ಧ ಮಾತು ಹೇಳುತ್ತಾಳೆ. ಅದರ ತಾತ್ಪರ್ಯ ಇಷ್ಟು: ಅನುಭವಿಸುವವರಿಗೆ ತಮ್ಮ ನೋವು ಸಂಶಯಕ್ಕೆ ಎಡೆಯೇ ಇಲ್ಲದ್ದು, ಬೇರೆಯವರ ನೋವಾದರೋ ನಮ್ಮಲ್ಲಿ ಸಂಶಯವನ್ನೇ ಹುಟ್ಟಿಸುವಂಥದ್ದು. ನೆನಪಳಿಸುವ ಮದ್ದು ಈ ಎರಡು ಕುರ್ಚಿಗಳಲ್ಲೂ ಒಬ್ಬರನ್ನೇ ಕೂರಿಸುತ್ತದೆ. ನರ್ಸ್ ಕೈ ಚಾಚಿದಾಗ ನನಗೆ ಮೊದಲು ಬಂದ ಯೋಚನೆ ನಾಚಿಕೆಗೇಡಿನದು: ಸ್ವಲ್ಪ ಹೆಚ್ಚಿಸಿ ಹೇಳುತ್ತಿರಬಹುದು. ನನ್ನದೇ ನೋವನ್ನು ನಾನು ನಂಬಲಿಲ್ಲ. ಬೇರೆ ಹೆಂಗಸರ ನೋವಿನ ಬಗ್ಗೆ ಲೋಕ ಹೇಗೆ ಮಾತಾಡುತ್ತದೆಯೋ ಹಾಗೇ ನಾನು ನನ್ನ ಬಗ್ಗೆ ಯೋಚಿಸಿದೆ. 'ಅಂತೆ'ಯೊಳಗೆ ಇರುವ ಅಪನಂಬಿಕೆ ಅದೇ.

ಡೇನಿಯಲ್ ಡೆನೆಟ್ ಎಂಬ ತತ್ತ್ವಶಾಸ್ತ್ರಜ್ಞ 1978ರಲ್ಲೇ ಈ ಕೀಟಲೆಯ ಪ್ರಶ್ನೆ ಎತ್ತಿದ್ದ: ನೋವು ತಡೆಯದೆ, ದೇಹವನ್ನು ಅಲುಗದಂತೆ ಮಾಡಿ, ಆಮೇಲೆ ನೆನಪನ್ನು ಮಾತ್ರ ಅಳಿಸುವ ಮದ್ದು ಇದ್ದರೆ ಅದನ್ನು ಅರಿವಳಿಕೆ ಎನ್ನಬಹುದೇ? ಪ್ರಶ್ನೆ ಕೇಳಿ ನಗು ಬರುತ್ತದೆ, ಸ್ವಲ್ಪ ಹೊತ್ತಿಗೆ ಆ ನಗು ನಿಲ್ಲುತ್ತದೆ.

ಹಾಗಾದರೆ ಬಾಗಿಲು ಹಾಕಿಕೊಂಡು ಕಾಯುವ ನೋವು ಎಂಬ ಪ್ಲಾತ್‌ಳ ಕಲ್ಪನೆ ಬರೀ ಕಾವ್ಯವೇ? ವಿಜ್ಞಾನದ ಕಡೆಯಿಂದ ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ. ಜಿನೀವಾದ ಕ್ಲಾಪರೇಡ್ ಎಂಬ ವೈದ್ಯ 1911ರಲ್ಲಿ ಒಂದು ಪ್ರಸಂಗ ದಾಖಲಿಸಿದ. ಹೊಸ ನೆನಪು ನಿಲ್ಲದ ರೋಗಿಯೊಬ್ಬಳ ಕೈ ಕುಲುಕುವಾಗ ಅವನು ಬೆರಳಸಂದಿಯಲ್ಲಿ ಗುಂಡುಸೂಜಿ ಇಟ್ಟು ಚುಚ್ಚಿದ. ಸ್ವಲ್ಪದರಲ್ಲೇ ಅವಳಿಗೆ ಅದು ಮರೆತುಹೋಯಿತು. ಆದರೂ ಮತ್ತೆ ಅವನು ಕೈ ಚಾಚಿದಾಗ ಅವಳು ಕೈ ಹಿಂದೆಳೆದುಕೊಂಡಳು, ಯಾಕೆಂದು ಹೇಳಲು ಅವಳಿಗೆ ಗೊತ್ತಿರಲಿಲ್ಲ. ಕಥೆ ಅಳಿದಿದೆ, ಅಂಜಿಕೆ ಉಳಿದಿದೆ. ಮಿದುಳಿನಲ್ಲಿ ಏನಾಯಿತು ಎಂಬ ನೆನಪನ್ನು ಕಟ್ಟುವ ಜಾಗ ಹಿಪೊಕ್ಯಾಂಪಸ್, ಅದಕ್ಕೆ ಭಯ ದುಃಖಗಳ ತೂಕ ಕೊಡುವುದು ಅಮಿಗ್ಡಲಾ ಎಂದು ಈಗ ಹೇಳುತ್ತಾರೆ. ಎರಡೂ ಕೂಡಿ ಕೆಲಸ ಮಾಡುವುದರಿಂದಲೇ ಬರ್ನಿಗೆ ಏಳು ಮಂದಿ ಎಂಬ ಲೆಕ್ಕ ಮರೆಯುವುದಿಲ್ಲ.

ಈ ಜೋಡಿಯನ್ನು ಬಿಡಿಸಲು ನೋಡಿದ ಪ್ರಯೋಗಗಳೂ ಇವೆ, ಮತ್ತು ಅವು ನಡೆದಿರುವುದು ಕಥೆಗಳ ಮೇಲೆ. ಸಾಹಿತ್ಯದವರಾದ ನಾವು ಇದನ್ನು ಗಮನಿಸಬೇಕು. 1994ರಲ್ಲಿ ಕೆಹಿಲ್, ಮೆಕ್‌ಗಾ ಮೊದಲಾದವರು ಜನರಿಗೆ ಸ್ಲೈಡುಗಳ ಜೊತೆ ಒಂದು ಚಿಕ್ಕ ಕಥೆ ಹೇಳಿದರು: ತಾಯಿ ಮಗ ಹೊರಟಿದ್ದಾರೆ, ಹುಡುಗನಿಗೆ ಕಾರು ಬಡಿಯುತ್ತದೆ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ. ಒಂದು ವಾರದ ಮೇಲೆ ಕೇಳಿದರೆ ಎಲ್ಲರಿಗೂ ಅಪಘಾತದ ಭಾಗವೇ ಹೆಚ್ಚು ನೆನಪು. ಆದರೆ ಮೊದಲೇ ಪ್ರೊಪ್ರನಲಾಲ್ ಎಂಬ, ಮುಖ್ಯವಾಗಿ ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಮಾತ್ರೆ ತೆಗೆದುಕೊಂಡವರಿಗೆ ಆ ಭಾಗ ಉಳಿದ ಭಾಗಗಳಷ್ಟೇ ಸಪ್ಪೆ. ಅದು ಮಂಪರಿನ ಮದ್ದಲ್ಲ. ಮರೆವು ತರಲಿಲ್ಲ, ಕಥೆಯ ಎತ್ತರ ತಗ್ಗುಗಳನ್ನು ಸಮ ಮಾಡಿತು. 2019ರಲ್ಲಿ ಸ್ಪೇನಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಐವತ್ತು ಮಂದಿಗೆ ಮನಸ್ಸು ಕಲಕುವ ಎರಡು ಕಥೆಗಳನ್ನು ಕಲಿಸಿದರು. ವಾರದ ಮೇಲೆ ಅವರು ಪ್ರೊಪೊಫಾಲ್ ಎಂಬ ಗಾಢ ಮಂಪರಿನ ಮದ್ದಿನಲ್ಲಿ ಎಂಡೋಸ್ಕೋಪಿಯಂಥ ತಪಾಸಣೆಗೆ ಒಳಗಾಗುವ ಸ್ವಲ್ಪ ಮುಂಚೆ ಒಂದು ಕಥೆಯನ್ನು ಮಾತ್ರ ಕೆದಕಿ ನೆನಪಿಸಿದರು. ಎದ್ದ ತಕ್ಷಣ ಕೇಳಿದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇಪ್ಪತ್ನಾಲ್ಕು ಗಂಟೆ ಬಿಟ್ಟು ಕೇಳಿದವರಲ್ಲಿ, ಕೆದಕಿದ ಕಥೆಯ ಭಾವುಕ ಭಾಗ ದುರ್ಬಲವಾಗಿತ್ತು. ನೆನಪನ್ನು ಒಮ್ಮೆ ಹೊರತೆಗೆದರೆ ಅದನ್ನು ತಿರುಗಿ ಒಳಗಿಡಬೇಕು. ಒಳಗಿಡುವ ಹೊತ್ತಿಗೆ ಮಂಪರು ಬಂದರೆ ಅದು ಪೂರ್ತಿ ಒಳಗೆ ಹೋಗುವುದಿಲ್ಲ ಎಂದು ಅವರ ವಿವರಣೆ. ಘೋರವಾದದ್ದನ್ನು ಕಂಡು ನಿದ್ದೆ ಕಳೆದುಕೊಂಡವರಿಗೆ ಇದರಿಂದ ಉಪಕಾರವಾದೀತು. ಬರ್ನಿಗೆ ಆಗುತ್ತಿತ್ತು. ಅವಳ ಕಾಗದ ಆಗ ನಮಗೆ ಸಿಗುತ್ತಿರಲಿಲ್ಲ, ಸಿಗದಿದ್ದರೂ ಅಡ್ಡಿಯಿಲ್ಲ. ನಮಗೆ ಒಳ್ಳೆಯ ಗದ್ಯ ಸಿಗಲೆಂದು ಯಾರೂ ನರಳಬೇಕಾಗಿಲ್ಲ.

ಇದನ್ನೆಲ್ಲ ಬರೆದು ನಿಲ್ಲಿಸಬಹುದಿತ್ತು. ಆದರೆ ನನ್ನ ಎಂಡೋಸ್ಕೋಪಿಗೆ ಇನ್ನೊಂದು ಭಾಗವಿದೆ. ಅದು ಗೊತ್ತಾದದ್ದು ಐದು ದಿನದ ಮೇಲೆ.

ಅವತ್ತು ನನ್ನ ಜೊತೆ ಬಂದಿದ್ದವಳು ಅಕ್ಕ. ವಾರ್ಡಿನಲ್ಲಿ ನನ್ನ ಮಂಚದ ಪಕ್ಕ ಒಂದು ಗಂಟೆ ಕೂತಿದ್ದಳು. ಐದನೆಯ ದಿನ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ, "ಆ ಫೋನಿನ ವಿಷ್ಯ ಇನ್ನು ತಲೇಲಿಟ್ಕೋಬೇಡ ಕಣೆ, ಅವತ್ತೇ ಹೇಳಿದ್ನಲ್ಲ" ಎಂದಳು. ನನ್ನ ಕೈಯಲ್ಲಿದ್ದ ತಟ್ಟೆ ಜಾರಲಿಲ್ಲ, ಆದರೆ ಅದನ್ನು ಕೆಳಗಿಡಬೇಕಾಯಿತು. ಫೋನಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ರಾತ್ರಿ ಅವರ ನಂಬರಿನಿಂದ ನನಗೆ ಒಂದು ಕರೆ ಬಂದಿತ್ತು. ಹಿಂದಿನ ವಾರ ಜಗಳವಾಗಿತ್ತು. ಹಾಸ್ಟೆಲ್ಲಿನ ಮಂಚದ ಮೇಲೆ ಕೂತು, ಪರದೆಯ ಮೇಲೆ 'ಅಪ್ಪ' ಎಂದು ಬರುವುದನ್ನು ನೋಡುತ್ತ, ರಿಂಗ್ ನಿಲ್ಲುವವರೆಗೂ ಕಾದಿದ್ದೆ.

ಅದನ್ನು ನಾನು ಅಕ್ಕನಿಗೆ ಹ್ಯಾಂಡ್‌ಬ್ಯಾಗಿನ ಮೇಲೆ ತಲೆಯಿಟ್ಟು ಹೇಳಿದೆನಂತೆ. ಮಿಡಜೋಲಾಮ್ ಕೆಲವರಲ್ಲಿ ಹೀಗೆ ಬಾಯಿ ಸಡಿಲಿಸುವುದುಂಟು. ಎರಡು ವರ್ಷ ನಾನು ಹೊತ್ತು ತಿರುಗಿದ ಮಾತು ಹೊರಬಿದ್ದಿತ್ತು, ಅಕ್ಕ ಅದಕ್ಕೆ ಉತ್ತರವನ್ನೂ ಕೊಟ್ಟಿದ್ದಳು, ನಾನು ಆ ಉತ್ತರ ಕೇಳಿಸಿಕೊಂಡಿದ್ದೆ. ಮದ್ದು ಹಳೆಯ ನೆನಪನ್ನು ಮುಟ್ಟುವುದಿಲ್ಲ ಎಂದೆನಲ್ಲ. ಹಾಗೇ ಆಗಿದೆ. ರಿಂಗ್ ಆಗುತ್ತಿದ್ದ ಫೋನ್ ನನಗೆ ಇನ್ನೂ ಕಾಣುತ್ತದೆ. ಕಾಣದೆ ಹೋದದ್ದು ಅಕ್ಕನ ಉತ್ತರ ಮಾತ್ರ.

ದುಷ್ಯಂತನ ಕಥೆ ನೆನಪಾಗುತ್ತದೆ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲವನ್ನು ಎಂ.ಎ.ಯಲ್ಲಿ ಓದಿದ್ದೆವು. ಅಲ್ಲಿ ಮರೆವು ಶಾಪದ್ದು. ಉಂಗುರ ಸಿಕ್ಕ ಕೂಡಲೇ ಎಲ್ಲ ಮರಳಿ ಬರುತ್ತದೆ, ಏಕೆಂದರೆ ನೆನಪು ಅವನೊಳಗೆ ಇದ್ದೇ ಇತ್ತು, ಮುಚ್ಚಿಹೋಗಿತ್ತು ಅಷ್ಟೆ. ನರ್ಸ್ ಮಣಿಕಟ್ಟಿನ ಉಗುರಿನ ಗುರುತು ಉಂಗುರದಂತೆ ಕೆಲಸ ಮಾಡಲಿಲ್ಲ. ಅಕ್ಕ ಆಡುವ ಮಾತೂ ಮಾಡಲಾರದು. ಮರಳಿ ಬರಲು ಒಳಗೆ ಏನೂ ಬರೆದಿಟ್ಟಿಲ್ಲ.

"ಏನ್ ಹೇಳ್ದೆ ನೀನು ಆಗ?" ಎಂದು ಕೇಳಿದೆ.

"ಅವತ್ತು ಹೇಳಿದ್ನಲ್ಲ."

"ನನಗೆ ಗೊತ್ತಿಲ್ಲ ಕಣೆ. ಏನೂ ನೆನಪಿಲ್ಲ."

ಅಕ್ಕ ಒಲೆ ಸಣ್ಣ ಮಾಡಿದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಅವಳ ಮುಖದಲ್ಲಿ ಇದ್ದದ್ದು ಬೇಸರವೋ ಅನುಮಾನವೋ ನನಗೆ ತಿಳಿಯಲಿಲ್ಲ. ನಾನು ಸುಳ್ಳು ಹೇಳುತ್ತಿದ್ದೇನೆ, ಆ ಮಾತು ಇನ್ನೊಮ್ಮೆ ಕೇಳುವ ಆಸೆಗೆ ಹೀಗೆ ಆಡುತ್ತಿದ್ದೇನೆ ಎಂದುಕೊಂಡಿರಬಹುದು. "ಅವತ್ತು ಬಾಯಿಗೆ ಬಂದಿತ್ತು, ಹೇಳ್ದೆ. ಈಗ ಅದನ್ನೇ ಹೇಳೋಕೆ ಹೋದ್ರೆ ನಾಟಕ ಆಡ್ದಂಗೆ ಇರತ್ತೆ" ಎಂದಳು. ನಾನು ಒತ್ತಾಯಿಸಲಿಲ್ಲ.

ಆಮೇಲೆ ಊಟಕ್ಕೆ ಕೂತಾಗ ಅಷ್ಟಿಷ್ಟು ಹೇಳಿದಳು. ಅಕ್ಕನ ಮಾತು ಕೇಳಿ ನಾನು ಅತ್ತೆನಂತೆ. ಅವಳೂ ಅತ್ತಳು. ನಾನು "ನಿಜವಾಗ್ಲೂ?" ಎಂದು ಮೂರು ಸಲ ಕೇಳಿದೆನಂತೆ, ಮೂರು ಸಲವೂ ಅವಳು ಹೂಂ ಅಂದಳಂತೆ. ಆಮೇಲೆ ನಕ್ಕೆನಂತೆ. ಹಸಿವಾಗ್ತಿದೆ ಎಂದು ಬಿಸ್ಕತ್ತು ಕೇಳಿ, ಅವಳ ಟೀಯಲ್ಲಿ ಅದ್ದಿಕೊಂಡು ಎರಡು ತಿಂದೆನಂತೆ.